ಕೊನೆಯ ದಿನಗಳ ಆರೈಕೆ: ಒಪ್ಪಿಸುವ ಮುನ್ನ ಒರೆಗೆ ಹಚ್ಚಿ ನೋಡಿ

ಸಿಂಧನೂರಿನ ಹೆಂಗಸರಿಗೆ ಅಕ್ಕಿ ಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲದಲ್ಲಿ ಕೈಯಿಟ್ಟು ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರವಿ, ನುಚ್ಚೆಷ್ಟು ಕಲ್ಲೆಷ್ಟು ಎಂದು ನೋಡಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಹೊಸದೋ ಹಳೆಯದೋ ಹೇಳಿಬಿಡುತ್ತೇವೆ. ಲಿಂಗಸುಗೂರಿನವರಂತೂ ಹಟ್ಟಿ ಚಿನ್ನದ ಗಣಿಯ ನೆರೆಯವರು. ಒಂದು ಗುಂಜಿ ಬಂಗಾರವನ್ನೂ ಒರೆಗೆ ಹಚ್ಚದೆ ಕೊಳ್ಳುವವರಲ್ಲ. ಆದರೆ ಸೋದರಿಯರೇ, ಮನೆಯ ಹಿರಿಯ ಜೀವವೊಂದನ್ನು ಅದರ ಕೊನೆಯ ದಿನಗಳಲ್ಲಿ ನೋಡಿಕೊಳ್ಳಿರೆಂದು ಒಬ್ಬರ ಕೈಗೆ ಒಪ್ಪಿಸುವಾಗ ಮಾತ್ರ ನಾವು ಏನನ್ನೂ ಕೇಳುವುದಿಲ್ಲ. ಬಿಳಿ ಕೋಟು ಕಂಡರೆ ಸಾಕು, ತಲೆ ಬಾಗಿಸಿ ನಿಂತುಬಿಡುತ್ತೇವೆ.

ನಾನೂ ಹಾಗೆಯೇ ನಿಂತವಳು. ಅದಕ್ಕೇ ಈ ನಾಲ್ಕು ಮಾತು.

ಇಪ್ಪತ್ತೆರಡು ರಾತ್ರಿಗಳು

ಮೂರು ವರ್ಷದ ಹಿಂದಿನ ಮಾತು. ನಮ್ಮ ಅತ್ತೆಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್. ತಿಳಿಯುವ ಹೊತ್ತಿಗೇ ತಡವಾಗಿತ್ತು. ದೊಡ್ಡ ಊರಿನ ಆಸ್ಪತ್ರೆಗೆ ಆರು ತಿಂಗಳು ಅಲೆದೆವು. ಕೊನೆಗೊಂದು ದಿನ ಡಾಕ್ಟರು ನಮ್ಮವರನ್ನು ಪಕ್ಕಕ್ಕೆ ಕರೆದು, "ಬೆನ್ನೆಲುಬಿಗೂ ಹಬ್ಬೈತಿ. ಇನ್ನು ಮನಿಗೆ ಕರ್ಕೊಂಡು ಹೋಗ್ರಿ" ಎಂದರು. ಅಷ್ಟೇ. ಮನೆಗೆ ಕರೆದುಕೊಂಡು ಹೋಗಿ ಏನು ಮಾಡಬೇಕು ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆಗೆ ಬಂದು ಶುಶ್ರೂಷೆ ಮಾಡುವವರಿದ್ದಾರೆ ಎಂದು ಯಾರೋ ಹೇಳಿದರು. ದಿನಕ್ಕಿಷ್ಟು ಎಂದು ಗೊತ್ತು ಮಾಡಿದೆವು. ಬೆಳಿಗ್ಗೆ ಒಬ್ಬರು ಬಂದು ರಕ್ತದೊತ್ತಡ ನೋಡಿ ಸಲೈನ್ ಹಚ್ಚಿ ಹೋಗುವರು, ಸಂಜೆ ಇನ್ನೊಬ್ಬರು ಬಂದು ಸೂಜಿ ತೆಗೆಯುವರು. ಪಡಸಾಲೆಯಲ್ಲಿ ಬಾಟಲಿ ತೂಗಾಡುವುದನ್ನು ಕಂಡು ಬಂದ ನೆಂಟರೆಲ್ಲ, "ಮಗ ಏನೂ ಕಡಿಮಿ ಮಾಡಿಲ್ಲ ನೋಡ್ರಿ" ಎಂದು ಹೊಗಳಿದರು. ಆದರೆ ರಾತ್ರಿ? ಹತ್ತು ಗಂಟೆಗೆ ಶುರುವಾಗುತ್ತಿದ್ದ ಅತ್ತೆಯ ನರಳಾಟ ಕೋಳಿ ಕೂಗುವ ತನಕ. ಫೋನು ಮಾಡಿದರೆ ಆ ಕಡೆಯಿಂದ, "ಬೆಳಿಗ್ಗೆ ಬರ್ತೀವ್ರಿ" ಎಂಬ ಉತ್ತರ. ಈ ರೋಗದಲ್ಲಿ ಬ್ಯಾನಿ ಇರುವುದೇ ಎಂದು ನಾನು ಕಾಲು ಒತ್ತುತ್ತಾ ಕೂತಿರುತ್ತಿದ್ದೆ.

ಇಪ್ಪತ್ಮೂರನೆಯ ದಿನ ಲಿಂಗಸುಗೂರಿನಿಂದ ನಮ್ಮ ದೊಡ್ಡಮ್ಮನ ಮಗಳು ನೋಡಲು ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದು ನಿವೃತ್ತಳಾದವಳು, ನಮಗೆಲ್ಲ ಅಕ್ಕ. ಬಂದವಳು ಬಾಟಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದ್ದು ಒಂದೇ ಮಾತು:

"ಅತ್ತೀ, ಬ್ಯಾನಿ ಎಷ್ಟೈತ್ರಿ? ರೂಪಾಯಿಗೆ ಎಷ್ಟಾಣೆ?"

"ಹದಿನಾರಾಣೆನೂ ಐತವ್ವಾ" ಎಂದರು ಅತ್ತೆ.

ಇಪ್ಪತ್ತೆರಡು ದಿನ ನಮ್ಮ ಮನೆಗೆ ಬಂದುಹೋದವರಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಕ್ಕ ಅತ್ತೆಯನ್ನು ಮೆಲ್ಲಗೆ ಮಗ್ಗುಲಾಗಿಸಿದಳು. ಸೊಂಟದ ಕೆಳಗೆ ಅಂಗೈಯಗಲ ಹಾಸಿಗೆ ಹುಣ್ಣು. ಅದನ್ನೂ ಯಾರೂ ನೋಡಿರಲಿಲ್ಲ.

ಮರುದಿನವೇ ನಮ್ಮವರನ್ನು ಕಾಗದಪತ್ರಗಳ ಸಮೇತ ನೋವಿನ ಚಿಕಿತ್ಸೆ ಗೊತ್ತಿದ್ದ ವೈದ್ಯರ ಬಳಿ ಕಳಿಸಿದಳು. ಮಾರ್ಫಿನ್ ಮಾತ್ರೆ ಬಂತು. ಮೂರನೆಯ ರಾತ್ರಿ ಅತ್ತೆ ನಿದ್ದೆ ಮಾಡಿದರು. ಆ ನಿಶ್ಶಬ್ದಕ್ಕೆ ಹೆದರಿ ನಾನೇ ಎರಡು ಸಲ ಎದ್ದು ಉಸಿರು ನೋಡಿದೆ! ಬೆಳಿಗ್ಗೆ ಮಜ್ಜಿಗೆ ಕೇಳಿ ಕುಡಿದು, "ಈಗ ನಾಕಾಣೆ ಐತಿ. ನಾಕಾಣೆ ತಡಕೋತೀನಿ ಬಿಡು" ಎಂದರು. ಆಮೇಲೆ ನಲವತ್ತು ದಿನ ಇದ್ದರು. ಮೊಮ್ಮಗಳ ಜಡೆ ಹಾಕಿದರು, ಯಾರಿಗೆ ಯಾವ ಸೀರೆ ಎಂದು ಹಂಚಿದರು, ಎಂದೋ ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿಕೊಂಡು ಮಾತಾಡಿದರು. ಆ ನಲವತ್ತು ದಿನ ನೆನೆದರೆ ಸಮಾಧಾನ. ಆ ಇಪ್ಪತ್ತೆರಡು ರಾತ್ರಿ ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಇದೇನು ಹೊಸ ಚಿಕಿತ್ಸೆ?

ಹೊಸದೇನೂ ಅಲ್ಲ. ಗುಣವಾಗದ ರೋಗಿಯನ್ನು ಕೈಬಿಡದೆ, ನೋವು ಕಳೆದು, ಘನತೆಯಿಂದ ಬಾಳಿಸುವ ಈ ಆರೈಕೆಗೆ ಉಪಶಮನ ಆರೈಕೆ ಎನ್ನುತ್ತಾರೆ. ಅದಕ್ಕೆಂದೇ ಇರುವ ಮನೆಗೆ ಹಾಸ್ಪಿಸ್ ಎಂದು ಹೆಸರು. ಇದಕ್ಕೆ ಈಗಿನ ರೂಪ ಕೊಟ್ಟವರು ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳು, ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಸಾಯುವವರ ಮಂಚದ ಪಕ್ಕ ಕೂತು ನೋಡಿ, ಆಮೇಲೆ ವೈದ್ಯಕೀಯ ಓದಿ ಡಾಕ್ಟರಾದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವೆಂದರೆ ಬರೀ ಮೈನೋವಲ್ಲ, ಮನಸ್ಸಿನದು, ಸಂಸಾರದ ಚಿಂತೆಯದು, ಆತ್ಮದ್ದು, ಎಲ್ಲ ಸೇರಿದ್ದು ಎಂಬುದು ಅವರು ಕಲಿಸಿದ ಪಾಠ. ನಮ್ಮ ದೇಶದ ಮೊದಲ ಹಾಸ್ಪಿಸ್ ಮುಂಬಯಿಯ ಶಾಂತಿ ಅವೇದನಾ, 1986ರಲ್ಲಿ ಆರಂಭವಾಯಿತು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಶುರು ಮಾಡಿದ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಹೋಗಿ ಮನೆಮನೆ ತಲುಪಿತು. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಟ್ರಸ್ಟು ಕಟ್ಟಿಕೊಂಡು, 1999ರಿಂದ ಸ್ವಂತ ಕಟ್ಟಡದಲ್ಲಿ ನಡೆಯುತ್ತಿರುವ ಕರುಣಾಶ್ರಯ, ಚಿಕಿತ್ಸೆ ಫಲಿಸದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಹೈದರಾಬಾದಿನ ಸ್ಪರ್ಶ್ ಹಾಸ್ಪಿಸ್ ಕೂಡ ಉಚಿತವೇ.

"ಬೆಂಗಳೂರು ಒಂದು ರಾತ್ರಿಯ ಬಸ್ಸು, ನಾವೆಲ್ಲಿಗೆ ಹೋಗೋಣ?" ಎನ್ನುತ್ತೀರಿ. ನಿಜ. ನಮ್ಮ ಮೂರೂ ಊರುಗಳಿಂದ ಜಿಲ್ಲಾಕೇಂದ್ರ ರಾಯಚೂರೇ ದೂರ. ಮಲಗಿದ ರೋಗಿಗೆ ಆ ದಾರಿಯ ಕುಲುಕಾಟ ಬೇಡವೇ ಬೇಡ. ಆದರೆ ಕಾಗದಪತ್ರ ಹಿಡಿದು ಮನೆಯ ಒಬ್ಬರು ಹೋಗಬಹುದಲ್ಲ! ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಕಿದ್ವಾಯಿ ಸಂಸ್ಥೆಗೆ ಕಲಬುರಗಿಯಲ್ಲೂ ಶಾಖೆಯಿದೆ. ನೀವು ಮೊದಲು ತೋರಿಸಿದ ಕ್ಯಾನ್ಸರ್ ಆಸ್ಪತ್ರೆಯಲ್ಲೇ, "ನೋವಿನ ವಿಭಾಗ ಎಲ್ಲಿದೆ?" ಎಂದು ಕೇಳಿ. ಊರಿನಲ್ಲಿ ಆಶಾ ಕಾರ್ಯಕರ್ತೆಗೂ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೂ ತಿಳಿಸಿ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳ ಪಟ್ಟಿಯಲ್ಲಿ ಹಿರಿಯರ ಆರೈಕೆಯೂ ಉಪಶಮನ ಆರೈಕೆಯೂ ಸೇರಿವೆ.

ಯಾರೇ ಬರಲಿ, ಎಲ್ಲಿಗೇ ಹೋಗಲಿ, ಒಪ್ಪಿಸುವ ಮುನ್ನ ಈ ಕೆಳಗಿನ ಪ್ರಶ್ನೆಗಳನ್ನು ಕೇಳಲೇಬೇಕು. ಅಕ್ಕ ಹೇಳಿಕೊಟ್ಟಿದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

1. ನೋವಿಗೆ ಏನು ಕೊಡುತ್ತೀರಿ?

ಇದೇ ಮೊದಲ ಒರೆಗಲ್ಲು. ಒಳ್ಳೆಯವರು ಬಂದ ಗಳಿಗೆಯಲ್ಲೇ ರೋಗಿಯನ್ನೇ ಕೇಳುತ್ತಾರೆ: ಎಲ್ಲಿ, ಎಷ್ಟು, ಯಾವಾಗ ಹೆಚ್ಚು, ನಿದ್ದೆ ಬರುತ್ತದೆಯೇ? ಔಷಧ ಕೊಟ್ಟ ಮೇಲೆ ಮತ್ತೆ ಬಂದು ಕೇಳುತ್ತಾರೆ. ಸದಾ ಇರುವ ನೋವಿಗೆ ಮಾತ್ರೆಯನ್ನು ಗಡಿಯಾರ ನೋಡಿ ಕೊಡಬೇಕೇ ಹೊರತು, ಕೂಗಿದಾಗ ಅಲ್ಲ. ತೀವ್ರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಅದನ್ನು ಬರೆದುಕೊಡಬಲ್ಲ ವೈದ್ಯರೊಡನೆ ಇವರಿಗೆ ಸಂಪರ್ಕವಿದೆಯೇ ಎಂದು ಕೇಳಿ. ಇದು ಎಲ್ಲ ಔಷಧದಂಗಡಿಯಲ್ಲಿ ಸಿಗುವಂಥದ್ದಲ್ಲ. 1985ರ ಮಾದಕ ವಸ್ತುಗಳ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ.

"ಅಫೀಮಿನ ಮಾತ್ರೆ, ಚಟ ಆಗ್ತದ, ಬೇಗ ಸಾಯ್ತಾರ" ಎಂದು ಹೆದರಿಸುವವರು ಇರುತ್ತಾರೆ. ತಿಳಿದ ವೈದ್ಯರು ಅಳತೆ ನೋಡಿ ಕೊಟ್ಟರೆ ಆಯಸ್ಸು ಕಡಿಮೆಯಾಗುವುದಿಲ್ಲ. ನೋವಿಗಾಗಿ ತೆಗೆದುಕೊಂಡವರು ಚಟಕ್ಕೆ ಬೀಳುವುದೂ ಅಪರೂಪ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬರಬಹುದು. ಮಲಬದ್ಧತೆಯಂತೂ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಆದ್ದರಿಂದ ಮಾರ್ಫಿನ್ ಜೊತೆಗೇ ಭೇದಿ ಮಾತ್ರೆ ಬರೆಯುವ ಡಾಕ್ಟರು ಕೆಲಸ ಬಲ್ಲವರು ಎಂದು ತಿಳಿಯಿರಿ. ಮಾತ್ರೆ ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ. ಕೇಳದೆ ಹೆಚ್ಚಿಸಬೇಡಿ, ಕೇಳದೆ ಥಟ್ಟನೆ ನಿಲ್ಲಿಸಲೂ ಬೇಡಿ.

2. ರಾತ್ರಿ ಎರಡು ಗಂಟೆಗೆ ಯಾರು ಫೋನ್ ಎತ್ತುತ್ತಾರೆ?

ಹಗಲಿನಲ್ಲಿ ಎಲ್ಲರೂ ಒಳ್ಳೆಯವರೇ. ಕಷ್ಟ ಬರುವುದು ರಾತ್ರಿ. ಫೋನಿಗೆ ಸಿಗುವುದು ಯಾರು, ದಾದಿಯೋ ಡಾಕ್ಟರೋ ಗುಮಾಸ್ತನೋ? ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಬರಲಾಗದಿದ್ದರೆ ಕೊಡಬೇಕಾದ ಔಷಧವನ್ನು ಮೊದಲೇ ಮನೆಯಲ್ಲಿ ಇಟ್ಟು, ಹೇಗೆ ಕೊಡಬೇಕೆಂದು ಬರೆದುಕೊಟ್ಟು ಹೋಗುತ್ತಾರೆಯೇ? ಉತ್ತರ ಬಾಯಲ್ಲಿ ಬೇಡ, ಚೀಟಿಯಲ್ಲಿ ಬರೆಸಿಕೊಳ್ಳಿ. ಒಪ್ಪಂದವಾದ ಮೊದಲ ರಾತ್ರಿಯೇ ಏನಾದರೂ ಸಂದೇಹವಿದ್ದರೆ ಸಂಕೋಚ ಬಿಟ್ಟು ಫೋನು ಮಾಡಿ. ಎತ್ತುತ್ತಾರೋ ಇಲ್ಲವೋ ಅಂದೇ ಗೊತ್ತಾಗುತ್ತದೆ.

3. ಕೈ ಕೆಲಸ ಹೇಗಿದೆ?

ರಕ್ತದೊತ್ತಡದ ಯಂತ್ರ ಹಿಡಿಯುವುದು ಸುಲಭ. ಬಾಯಿ ಶುಚಿ ಮಾಡುವುದು, ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ಬದಲಿಸುವುದು ಕಷ್ಟ. ಬಂದವರು ಹೊದಿಕೆ ಸರಿಸಿ ಬೆನ್ನು, ಸೊಂಟ, ಹಿಮ್ಮಡಿ ನೋಡುತ್ತಾರೆಯೇ? ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಬರುತ್ತದೆ. ಕ್ಯಾನ್ಸರ್ ಹುಣ್ಣು ವಾಸನೆ ಬರುತ್ತಿದ್ದರೆ ಮೂಗು ಮುಚ್ಚಿಕೊಂಡು ದೂರ ನಿಲ್ಲುವವರು ನಮಗೆ ಬೇಡ. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯಂಥ ಅಗ್ಗದ ಉಪಾಯಗಳಿವೆ. ಅವು ಗೊತ್ತೇ ಎಂದು ಕೇಳಿ. ಮುಟ್ಟುವ ಮೊದಲು "ಅವ್ವಾ, ಸ್ವಲ್ಪ ಮಗ್ಗುಲು ಮಾಡ್ತೀನ್ರಿ" ಎಂದು ಹೇಳುತ್ತಾರೆಯೇ, ಪರದೆ ಎಳೆಯುತ್ತಾರೆಯೇ ಎಂದೂ ಗಮನಿಸಿ. ಸಾಯುವವರಿಗೂ ನಾಚಿಕೆ ಇರುತ್ತದೆ.

4. ನಿಜ ಹೇಳುತ್ತಾರೆಯೇ?

"ಎಲ್ಲಾ ಆರಾಮ ಆಗ್ತದ್ರಿ" ಎಂದು ಹೇಳಿ ದಿನಕ್ಕೊಂದು ಬಾಟಲಿ ಏರಿಸುವವರಿಗಿಂತ, "ಗುಣ ಮಾಡೋದು ನಮ್ಮ ಕೈಯಾಗಿಲ್ಲ, ತ್ರಾಸ ಕಡಿಮಿ ಮಾಡ್ತೀವಿ" ಎನ್ನುವವರನ್ನು ನಂಬಿ. ಕೊನೆಯ ದಿನಗಳಲ್ಲಿ ಹಸಿವು ಬಾಯಾರಿಕೆ ತಾವಾಗಿಯೇ ಇಳಿಯುತ್ತವೆ. ಉಣ್ಣದ್ದರಿಂದ ಸಾಯುತ್ತಿರುವುದಲ್ಲ, ಸಾವು ಹತ್ತಿರವಾದ್ದರಿಂದ ಉಣ್ಣುತ್ತಿಲ್ಲ. ನಮ್ಮ ಸಮಾಧಾನಕ್ಕೆ ಗಂಜಿ ಒತ್ತಿ ಕುಡಿಸಿದರೆ ಶ್ವಾಸಕ್ಕೆ ಹೋದೀತು. ಬೇಡದ ಸಲೈನ್ ನೀರು ಕೆಲವರಲ್ಲಿ ಮೈ ಊದಿಸಿ, ಉಸಿರಾಟದ ಕಷ್ಟ ಹೆಚ್ಚಿಸುತ್ತದೆ. ತುಟಿ ನಾಲಿಗೆ ಒದ್ದೆ ಮಾಡುತ್ತಿದ್ದರೆ ಸಾಕಾಗುವ ದಿನಗಳೂ ಇವೆ. ಇದನ್ನೆಲ್ಲ ಕೂತು ವಿವರಿಸುವ ತಾಳ್ಮೆ ಅವರಿಗಿದೆಯೇ?

ರೋಗಿಯ ಇಚ್ಛೆಯನ್ನು ಕೇಳುತ್ತಾರೆಯೇ ಎಂಬುದೂ ಮುಖ್ಯ. ವೆಂಟಿಲೇಟರಿನಂಥ ಯಂತ್ರಗಳು ತನಗೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಘನತೆಯಿಂದ ಸಾಯುವ ಈ ಹಕ್ಕಿನ ಜಾರಿಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

5. ನಿಮಗೆ ಕಲಿಸುತ್ತಾರೆಯೇ?

ಇಲ್ಲಿ ನಮ್ಮ ಚಿಕ್ಕಮ್ಮನ ಕಥೆ ಹೇಳಬೇಕು. ಮಸ್ಕಿಯಲ್ಲಿ ಚಿಕ್ಕಪ್ಪ ಪಾರ್ಶ್ವವಾಯುವಿನಿಂದ ಮಲಗಿದ್ದಾಗ ಅವರ ಮನೆಗೆ ಬರುತ್ತಿದ್ದವರು ಒಬ್ಬ ಆಶಾ ಕಾರ್ಯಕರ್ತೆ ಮತ್ತು ವಾರಕ್ಕೊಮ್ಮೆ ಒಬ್ಬ ಚಿಕ್ಕ ಪ್ರಾಯದ ದಾದಿ. ಕೈಯಲ್ಲಿ ದೊಡ್ಡ ಯಂತ್ರವೇನೂ ಇಲ್ಲ. ಆದರೆ ಆ ಹುಡುಗಿ ಮೊದಲ ದಿನವೇ ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಸೀರೆ ಮಡಿಸಿ ರೋಗಿಯ ಕೆಳಗೆ ಹಾಸಿ, ಒಬ್ಬರೇ ಮಗ್ಗುಲಾಗಿಸುವುದನ್ನು ಕಲಿಸಿದಳು. ಮೂತ್ರದ ನಳಿಕೆಯ ಚೀಲವನ್ನು ಸೊಂಟಕ್ಕಿಂತ ಕೆಳಗೇ ಇಡಬೇಕೆಂದು ತೋರಿಸಿದಳು. ಹೋಗುವಾಗ, "ಚಿಕ್ಕಮ್ಮಾ, ನೀವು ಊಟ ಮಾಡಿದ್ರೇನು?" ಎಂದು ಕೇಳಿದಳಂತೆ. ಎಂಟು ತಿಂಗಳು ಮಲಗಿದ್ದರೂ ಚಿಕ್ಕಪ್ಪನ ಬೆನ್ನಿನ ಮೇಲೆ ಒಂದು ಹುಣ್ಣಿರಲಿಲ್ಲ. ಹಣ ಕೊಟ್ಟ ನಮ್ಮ ಮನೆಯಲ್ಲಿ ಇಪ್ಪತ್ತೆರಡು ದಿನಕ್ಕೇ ಅಂಗೈಯಗಲ ಹುಣ್ಣು! ವ್ಯತ್ಯಾಸ ಎಲ್ಲಿದೆ ನೋಡಿದಿರಾ?

6. ಲೆಕ್ಕ ಸ್ಪಷ್ಟವಾಗಿದೆಯೇ?

ಖಾಸಗಿ ಸಂಸ್ಥೆಯಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ (2007) ಪ್ರಕಾರ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ಹಾಕಿರಬೇಕು. ಬರುವ ದಾದಿಯ ತರಬೇತಿ ಏನು, ಆಕೆಯ ಮೇಲೆ ನೋಡುವ ಡಾಕ್ಟರು ಯಾರು, ದಿನಕ್ಕೆಷ್ಟು, ಔಷಧ ಸೇರಿಯೋ ಬೇರೆಯೋ, ಮಧ್ಯದಲ್ಲಿ ಬಿಟ್ಟರೆ ಮುಂಗಡ ಹಿಂತಿರುಗುವುದೇ? ರಸೀದಿ ಕೇಳಲು ನಾಚಿಕೆ ಬೇಡ. ಉಚಿತವೆಂದರೆ ಕೀಳು ಎಂದೂ, ದುಬಾರಿ ಎಂದರೆ ಮೇಲು ಎಂದೂ ಎಣಿಸಬೇಡಿ.

ಒಂದು ವಾರದ ಲೆಕ್ಕ

ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಹಾಗೆಯೇ ಒಂದು ನೋಟುಬುಕ್ಕು ಮಾಡಿ. ದಿನಕ್ಕೆ ಮೂರು ಸಲ ರೋಗಿಯನ್ನೇ ಕೇಳಿ ನೋವು ಎಷ್ಟಾಣೆ ಎಂದು ಬರೆಯಿರಿ. ಆಣೆ ಗೊತ್ತಿಲ್ಲದವರಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿ. ಮಾತಾಡಲಾಗದವರಿದ್ದರೆ ಹುಬ್ಬು ಗಂಟಿಕ್ಕುವುದು, ಮುಟ್ಟಿದರೆ ಮುಲುಗುವುದು ನೋಡಿ ಬರೆಯಿರಿ. ಜೊತೆಗೆ ರಾತ್ರಿ ಎಷ್ಟು ಹೊತ್ತು ನಿದ್ದೆ, ಹೊಟ್ಟೆ ಸಾಫಾಯಿತೇ, ಮೈಮೇಲೆ ಕೆಂಪು ಕಲೆ ಬಿತ್ತೇ, ಯಾರು ಎಷ್ಟು ಗಂಟೆಗೆ ಬಂದು ಏನು ಮಾಡಿದರು ಎಂಬುದನ್ನೂ ಬರೆಯಿರಿ. ಎರಡು ಮೂರು ದಿನಕ್ಕೇ ನೋವು ಇಳಿಯುವ ದಾರಿ ಕಾಣಬೇಕು. ಇಳಿಯದಿದ್ದರೆ ನೋಟುಬುಕ್ಕು ಮುಂದಿಟ್ಟು ಕೇಳಿ. ಒಳ್ಳೆಯವರು ಅದನ್ನು ಓದಿ ಔಷಧ ಬದಲಿಸುತ್ತಾರೆ. "ನಿಮಗೇನು ತಿಳೀತದ?" ಎಂದು ಗದರಿದರೆ ಬೇರೆಯವರನ್ನು ಹುಡುಕಿ. ರೋಗಿಗೆ ಕಾಯಲು ಹೆಚ್ಚು ದಿನಗಳಿರುವುದಿಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮ ಕಡೆ ಡಾಕ್ಟರ ಹತ್ತಿರ ಮಾತಾಡುವವರು ಗಂಡಸರು, ಮಗ್ಗುಲು ಬದಲಿಸುವವರು ನಾವು. ರಾತ್ರಿ ಎಷ್ಟು ಸಲ ಎದ್ದರು, ಎಲ್ಲಿ ಮುಟ್ಟಿದರೆ ಕಿರುಚುತ್ತಾರೆ ಎಂಬುದು ಸೊಸೆಗೆ, ಮಗಳಿಗೆ, ಹೆಂಡತಿಗೆ ಗೊತ್ತೇ ಹೊರತು ಹೊರಗೆ ನಿಂತು ಲೆಕ್ಕ ಚುಕ್ತಾ ಮಾಡುವವರಿಗಲ್ಲ. ಆದ್ದರಿಂದ ಮಾತುಕತೆಯ ಹೊತ್ತಿಗೆ ಒಳಗೆ ಚಹಾ ಕಾಸುತ್ತಾ ನಿಲ್ಲಬೇಡಿ. ಹೊರಗೆ ಬನ್ನಿ, ಕುರ್ಚಿ ಎಳೆದು ಕೂತುಕೊಳ್ಳಿ, ನಿಮ್ಮ ನೋಟುಬುಕ್ಕು ತೆರೆಯಿರಿ. ಅಂದು ನಾನು ಚಹಾ ಕಾಸುತ್ತಿದ್ದೆ. ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಿದೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಯಾರಾದರೂ ಹಾಗೆ ಮಲಗಿದ್ದರೆ, ಈ ಹೊತ್ತೇ ಹೋಗಿ ಪಕ್ಕದಲ್ಲಿ ಕೂತು ಕೇಳಿ: "ಬ್ಯಾನಿ ಎಷ್ಟಾಣೆ ಐತ್ರಿ?"